ಏಕಾದಶಿಯಂದು ಮಾತ್ರೆ ನುಂಗಕೂಡದೆಂಬ ಆಜ್ಞೆಯನ್ನು ರದ್ದುಪಡಿಸುವ ಬಗ್ಗೆ

ಇಂದ,
ಬದರೀನಾರಾಯಣ,
ನಿವೃತ್ತ ಶಿರಸ್ತೇದಾರ, ಹಾಲಿ ಹೃದ್ರೋಗಿ,
ಹಜಾರ, ಗಾಂಧಿ ಬಜಾರ್ ಹಿಂಭಾಗ, ಬಸವನಗುಡಿ.

ಗೆ,
ಶ್ರೀಮತಿ ಜಾನಕಮ್ಮನವರು,
ಅರ್ಜಿದಾರನ ಧರ್ಮಪತ್ನಿ,
ದೇವರ ಕೋಣೆ, ಅದೇ ಮನೆ.

ವಿಷಯ: ತಾವು ಈ ಕೂಡಲೇ ಹೃದಯದ ಮಾತ್ರೆ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: ೧) ಅರ್ಜಿದಾರ ಪಂಚಾಂಗ ಹಿಡಿದು ಹೊರಡಿಸಿದ ಮೌಖಿಕ ಆಜ್ಞೆ. ೨) ಇಂದು ಬೆಳಿಗ್ಗೆ ತಾವು "ಹೋಗ್ರೀ, ನಿಮಗೊಂದು ನ್ಯಾಯ, ನನಗೊಂದು ನ್ಯಾಯಾನಾ?" ಎಂದು ಬಾಗಿಲು ಹಾಕಿಕೊಂಡದ್ದು.

ಮಾನ್ಯರೇ,

೧. ಕಳೆದ ಅವರೆಕಾಯಿ ಕಾಲದಲ್ಲಿ ಎದೆ ಹಿಂಡಿ, ಎಡಗೈ ಸೋತು, ಮೈಯೆಲ್ಲ ಬೆವರಿದಾಗ "ಬರೀ ಗ್ಯಾಸು ಕಣೇ" ಎಂದು ತೀರ್ಪಿತ್ತು ಓಮದ ನೀರು ಕುಡಿದು ಕೂತ ಮಹಾಜ್ಞಾನಿ ಈ ಅರ್ಜಿದಾರ. ತಾವು ಬೈದು ಆಟೋಗೆ ತಳ್ಳಿದ ಕಾರಣ ಜೀವ ಉಳಿಯಿತು. ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು.

೨. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗಬೇಕೆಂದು ಡಾಕ್ಟರ್ ವೃಷಭೇಂದ್ರಪ್ಪನವರು ಹೇಳಿದ್ದರು. ಆದರೆ ನೀರಿಲ್ಲದೆ ಮಾತ್ರೆ ಇಳಿಯದು. ನೀರು ಕುಡಿದರೆ ಏಕಾದಶಿ ಕೆಡುವುದು. ಆದ್ದರಿಂದ ಮಾತ್ರೆಗೂ ಉಪವಾಸ ಎಂದು ಅರ್ಜಿದಾರ ಆಜ್ಞೆ ಹೊರಡಿಸಿದ. ಭಕ್ತಿ ಹೆಚ್ಚಾಗಿ ದಶಮಿಯನ್ನೂ ಸೇರಿಸಿಕೊಂಡ. ಸ್ಟೆಂಟು ಮತ್ತೆ ಕಟ್ಟಿಕೊಂಡಿತು. "ಸ್ವಾಮೀ, ಉಪವಾಸ ನೀವು ಮಾಡಿ, ಸ್ಟೆಂಟ್ ಕೈಲಿ ಮಾಡಿಸ್ಬೇಡಿ" ಎಂದು ಡಾಕ್ಟರು ಐಸಿಯುನಲ್ಲಿ ಎಲ್ಲರೆದುರೇ ಮಂಗಳಾರತಿ ಎತ್ತಿದರು.

೩. ಈಗ ತಮ್ಮ ಕಾಲು ಊದಿದೆ. ಸಂಡಿಗೆ ಹಾಕಲು ಮಹಡಿ ಹತ್ತಿದರೆ ನಡುವೆ ನಿಂತು ಏದುಸಿರು ಬಿಡುತ್ತೀರಿ. ಅದೇ ಡಾಕ್ಟರು ನೋಡಿ, "ಅಮ್ಮಾ, ಹಾರ್ಟ್ ಫೇಲ್ಯೂರ್ ಅಂದ್ರೆ ಹಾರ್ಟ್ ನಿಂತೋಯ್ತು ಅಂತಲ್ಲ. ಪಂಪು ಸುಸ್ತಾಗಿದೆ ಅಷ್ಟೆ. ಮಾತ್ರೆ ಒಂದಿನಾನೂ ಬಿಡ್ಬೇಡಿ, ಚೆನ್ನಾಗಿರ್ತೀರ" ಎಂದಿದ್ದಾರೆ. ಆದರೂ ಇಂದು ಸೊಸೆ ಯಶಶ್ರೀ ಮಾತ್ರೆ ತಂದಾಗ ತಾವು, "ನಿಮ್ಮ ಮಾವ ಮಾಡಿದ ರೂಲ್ಸಮ್ಮಾ, ಅವರನ್ನೇ ಕೇಳು" ಎಂದಿರಿ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಅರ್ಜಿದಾರ, ಉಣ್ಣುತ್ತಿರುವವರು ತಾವು. ಅವನಿಗೆ ಭಯವಾಗಿದೆ.

೪. ಮಠದ ಆಚಾರ್ಯರನ್ನು ಫೋನಿನಲ್ಲಿ ವಿಚಾರಿಸಲಾಗಿ, "ಕಾಯಿಲೆಯವರು ಔಷಧಿ ತಗೊಂಡ್ರೆ ದೋಷ ಇಲ್ಲಪ್ಪಾ. ಇಷ್ಟು ದಿನ ಯಾರನ್ನ ಕೇಳಿ ಬಿಟ್ಟಿದ್ದೆ?" ಎಂದರು. ಅರ್ಜಿದಾರ ಫೋನಿಟ್ಟು ಈ ಅರ್ಜಿ ಬರೆಯಲು ಕೂತಿರುತ್ತಾನೆ.

ಆದ್ದರಿಂದ, ಆಜ್ಞೆ ಹೊರಡಿಸಿದವನು ಶುದ್ಧ ದಡ್ಡನೆಂಬುದು ಎರಡು ಸಲ ಆಸ್ಪತ್ರೆಯಲ್ಲಿ ರುಜುವಾತಾಗಿರುವ ಕಾರಣ, ಸದರಿ ಆಜ್ಞೆಯನ್ನು ಕಸದ ಬುಟ್ಟಿಗೆ ಹಾಕಿ ಬಾಗಿಲು ತೆಗೆಯಬೇಕಾಗಿ ವಿನಂತಿ. ಪಾಪವೇನಾದರೂ ಬಂದರೆ ಅದನ್ನು ಅರ್ಜಿದಾರನ ತಲೆಗೆ ಕಟ್ಟತಕ್ಕದ್ದು.

ಬಾಗಿಲ ಹೊರಗೆ ನಿಂತಿರುವ
ತಮ್ಮ ವಿಶ್ವಾಸಿ,
ಬದರೀನಾರಾಯಣ

ಅಡಕಗಳು:
೧) ತಮ್ಮ ಮಾತ್ರೆ.
೨) ಅರ್ಧ ಲೋಟ ನೀರು.
೩) ಅರ್ಜಿದಾರ ಈಗಷ್ಟೇ ತನ್ನ ಮಾತ್ರೆ ನುಂಗಿದ್ದಕ್ಕೆ ಸೊಸೆಯ ಸಾಕ್ಷಿ.

ವಿಶೇಷ ಕೋರಿಕೆ: ನಾಳೆ ದ್ವಾದಶಿ ಪಾರಣೆಗೆ ತಮ್ಮ ಎಲೆಯನ್ನೂ ಪಕ್ಕದಲ್ಲೇ ಹಾಕಿಸತಕ್ಕದ್ದು. ಒಂಟಿ ಎಲೆಯ ಮುಂದೆ ಕೂತು ಅರ್ಜಿದಾರನಿಗೆ ಅಭ್ಯಾಸವಿಲ್ಲ. ಈ ವಯಸ್ಸಿನಲ್ಲಿ ಅದನ್ನು ಕಲಿಸಬಾರದಾಗಿ ಪ್ರಾರ್ಥನೆ.