ಡ್ರಿಲ್ ಮಾಸ್ತರರು ಮಾಡಿದ ಕಂಪ್ಯೂಟರ್ ಆಟ

ತನಗೆ ಕಲಿಸಿದವರಿಗೇ ತಾನು ಕಲಿಸುವ ಪ್ರಸಂಗ ಯಾರಿಗೂ ಬರಬಾರದು. ಬಂದರೂ ಆ ಗುರುಗಳು ಗಣಿತದವರೋ ಕನ್ನಡದವರೋ ಆಗಿರಬೇಕು, ಡ್ರಿಲ್ ಮಾಸ್ತರರಾಗಿರಬಾರದು. ಗಣಿತದ ಮಾಸ್ತರರ ಎದುರು ತಲೆಯೊಂದು ಬಾಗಿದರೆ ಸಾಕು. ಡ್ರಿಲ್ ಮಾಸ್ತರರನ್ನು ಕಂಡರೆ ನಲವತ್ತರ ಹತ್ತಿರ ಬಂದವನ ಹಿಮ್ಮಡಿಗಳೂ ತಾವಾಗಿ ಕೂಡಿಕೊಳ್ಳುತ್ತವೆ.

ಎರಡು ಸಾವಿರದ ಎಂಟರ ಸುಮಾರಿನ ಬೇಸಿಗೆ. ಮಾಳಮಡ್ಡಿಯ ಒಂದು ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಶಿಕ್ಷಕ. ಸುತ್ತಲಿನ ಶಾಲೆಗಳ ಹತ್ತು ಜನ ಶಿಕ್ಷಕರಿಗೆ ಐದು ದಿನಗಳ ತರಬೇತಿ ಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಆಗ ಹೊಸದಾಗಿ ಬಂದ ಒಂದು ತಂತ್ರಾಂಶವಿತ್ತು. ಅದರಲ್ಲಿ ಏನನ್ನೂ ಬರೆಯಬೇಕಾಗಿಲ್ಲ. ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳಿರುತ್ತವೆ, ಒಂದೊಂದು ತುಂಡಿಗೂ ಒಂದೊಂದು ಅಪ್ಪಣೆ. ನಮ್ಮವ್ವ ಕೌದಿಗೆ ಅರಿವೆ ತುಂಡು ಜೋಡಿಸುವ ಹಾಗೆ ಅವನ್ನು ಎಳೆದು ಒಂದರ ಕೆಳಗೊಂದು ಕೂಡಿಸಿದರೆ ಬೊಂಬೆ ನಡೆಯುತ್ತದೆ, ಹಾರುತ್ತದೆ. ಐದನೆಯ ದಿನ ಪ್ರತಿಯೊಬ್ಬರೂ ಒಂದು ಆಟ ಮಾಡಿ ತೋರಿಸಬೇಕು. ತೋರಿಸಿದವರಿಗೆ ಸರ್ಟಿಫಿಕೇಟ್.

ಹೆಸರುಗಳ ಪಟ್ಟಿ ಕೈಗೆ ಬಂದಾಗ ಮೊದಲನೆಯ ಹೆಸರೇ ಹೊಸಮನಿ ಸರ್ ಅವರದು. ನನಗೆ ಐದನೆಯ ಇಯತ್ತೆಯಿಂದ ಹತ್ತರವರೆಗೆ ಡ್ರಿಲ್ ಕಲಿಸಿದವರು. ನಿವೃತ್ತಿಗೆ ಎಂಟು ತಿಂಗಳಿತ್ತು. "ಉಳಿದವ್ರೆಲ್ಲಾ ಸೂಟಿಗೆ ಊರಿಗೆ ಹೋಗ್ಯಾರ. ನಾನೊಬ್ಬ ಕೈಗೆ ಸಿಕ್ಕೆ, ಕಳಿಸ್ಯಾರ" ಎಂದು ಬಂದ ದಿನ ಬಾಗಿಲಲ್ಲೇ ಹೇಳಿದರು. ನಾನು ಎದ್ದು ನಿಂತವನು, ಅವರು ಕೂಡುವವರೆಗೆ ಕೂಡಲಿಲ್ಲ.

ನಿಜ ಹೇಳಿಬಿಡುತ್ತೇನೆ, ಒಳಗೊಳಗೇ ನನಗೆ ಸಣ್ಣ ಖುಷಿಯೂ ಆಗಿತ್ತು. ಬಿಸಿಲಲ್ಲಿ ಮೈದಾನ ಸುತ್ತಿಸಿದವರು ಈಗ ನನ್ನ ಕೈಯಲ್ಲಿ ಸಿಕ್ಕಿದ್ದರು. ಮೊದಲ ದಿನ ಅವರು ಮೌಸನ್ನು ಎಳೆಯುತ್ತ ಎಳೆಯುತ್ತ ಮೇಜಿನ ಅಂಚಿಗೆ ತಂದು, "ಮೇಜ ಮುಗೀತಲ್ಲೋ, ಈಗ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇಕಾದದ್ದಕ್ಕಿಂತ ತುಸು ಹೆಚ್ಚೇ ನಕ್ಕೆ.

ಮೂರನೆಯ ದಿನದ ಹೊತ್ತಿಗೆ ಕನ್ನಡ ಕಲಿಸುವ ಶೋಭಾ ಬಾಯಾರು ಗಿಳಿಯೊಂದು ಮಾವಿನಹಣ್ಣು ಹಿಡಿಯುವ ಆಟವನ್ನೇ ಮಾಡಿ ಮುಗಿಸಿದ್ದರು. ಹೊಸಮನಿ ಸರ್ ಅವರ ಪರದೆ ಖಾಲಿ. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದವರು ರೊಟ್ಟಿ ಮುರಿಯದೆ ಕುಳಿತಿದ್ದರು. "ಸರ್ಟಿಫಿಕೇಟ್ ಸಿಗಲಿಲ್ಲಂದ್ರ ಹೆಡ್ ಮಾಸ್ತರ ಏನೂ ಅನ್ನಂಗಿಲ್ಲ. ಆದರ ಹುಡುಗೂರು ಕೇಳ್ತಾವಲ್ಲ, 'ಸರ್, ಪಾಸಾದ್ರೇನ್ರಿ?' ಅಂತ. ಅವಕ್ಕೇನು ಹೇಳ್ಲಿ?"

ನನ್ನ ಖುಷಿ ಅಲ್ಲಿಗೇ ಮುಗಿಯಿತು. "ನಾನ ಒಂದ ಆಟ ಮಾಡಿ ಇಡ್ತೇನ್ರಿ ಸರ್. ಯಾರಿಗೂ ಗೊತ್ತಾಗಂಗಿಲ್ಲ" ಎಂದೆ.

ಸರ್ ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಎಂಟನೆಯ ಇಯತ್ತೆಗೆ ಇಳಿದ ಹಾಗಾಯಿತು. "ನಿನ್ನ ಬದಲಿಗೆ ನಾ ಎಂದಾರ ಓಡೇನೇನಲೇ?"

ಮಧ್ಯಾಹ್ನ ಒಂದು ಹಾಳೆಯ ಮೇಲೆ ತುಂಡುಗಳ ಅಪ್ಪಣೆಗಳನ್ನೆಲ್ಲ ಕನ್ನಡದಲ್ಲಿ ಬರೆದು ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು: "ಹತ್ತು ಹೆಜ್ಜೆ ಮುಂದೆ. ಬಲಕ್ಕೆ ತಿರುಗು. ಇದನ್ನೇ ನಾಲ್ಕು ಸಲ ಮಾಡು." ತಟ್ಟನೆ ಎದ್ದು ನಿಂತರು. "ಇದು ಡ್ರಿಲ್ ಅಲ್ಲೇನಲೇ! ಮೂರು ದಿನದಿಂದ ಕಂಪ್ಯೂಟರು ಕಂಪ್ಯೂಟರು ಅಂತ ಹೆದರಿಸೀದಿ!"

ನನ್ನನ್ನೂ ಶೋಭಾ ಬಾಯಾರನ್ನೂ ಎಬ್ಬಿಸಿ, ಹಾಳೆಯಲ್ಲಿದ್ದ ಅಪ್ಪಣೆಗಳನ್ನು ಕೂಗಿ, ಕೋಣೆಯ ತುಂಬ ಚೌಕಾಕಾರವಾಗಿ ನಡೆಸಿದರು. ಬಾಯಾರು ಸರಿಯಾಗಿ ತಿರುಗಿದರು. ನಾನು ಗೋಡೆಗೆ ಹಾಯ್ದೆ. ಆಮೇಲೆ ಸರ್ ಕುಳಿತು ಅದೇ ಅಪ್ಪಣೆಗಳನ್ನು ಒಂದೊಂದಾಗಿ ಎಳೆದು ಜೋಡಿಸಿದರು. ಮೌಸು ಅವರ ಮಾತು ಕೇಳತೊಡಗಿತ್ತು. ಬೊಂಬೆ ಪರದೆಯ ಅಂಚಿಗೆ ಹೋಗಿ ಕಾಲು ಬಡಿಯುತ್ತಿದ್ದಾಗ ಅದಕ್ಕೆ ಬೈಯಲೂ ಇಲ್ಲ. "ನಿಲ್ಲು ಅಂತ ನಾ ಹೇಳಿಲ್ಲ, ಅದು ನಿಂತಿಲ್ಲ. ತಪ್ಪು ನಂದ" ಎಂದರು. ನನ್ನ ಹತ್ತು ವರ್ಷದ ನೌಕರಿಯಲ್ಲಿ ಆ ಮಾತು ಅಷ್ಟು ಲಗೂ ಅರ್ಥವಾದ ಇನ್ನೊಬ್ಬ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಅವರು ಮಾಡಿದ್ದು ಓಟದ ಆಟ. ಮೂವರು ಓಟಗಾರರು, ಓಟ ಮುಗಿಯುವಲ್ಲಿ ಅಡ್ಡ ಹಿಡಿದ ಒಂದು ಹಗ್ಗ. ಕೀಲಿ ಒತ್ತಿದಷ್ಟೂ ನಮ್ಮವನು ಓಡುತ್ತಾನೆ, ಉಳಿದಿಬ್ಬರನ್ನು ಕಂಪ್ಯೂಟರೇ ಓಡಿಸುತ್ತದೆ. ಅವರಲ್ಲಿ ಒಬ್ಬ ಭಾರಿ ನಿಧಾನದವನು. ನಾಲ್ಕನೆಯ ದಿನ ಸಂಜೆ ನಾನು ಅದರಲ್ಲೊಂದು ತಪ್ಪು ಹಿಡಿದೆ. "ಸರ್, ಮೊದಲನೆಯಾಂವ ಹಗ್ಗ ಮುಟ್ಟಿದ ಕೂಡ್ಲೇ 'ಎಲ್ಲಾ ನಿಲ್ಲಿಸು' ಅನ್ನೂ ತುಂಡು ಹಾಕ್ರಿ."

"ಉಳಿದವ್ರು?"

"ಅಲ್ಲೇ ನಿಲ್ತಾರ್ರಿ. ಸೋತ್ರಲ್ಲ."

"ನಡುದಾರ್ಯಾಗ? ಅವ್ರೇನು ಪಾಪ ಮಾಡ್ಯಾರ?" ಎಂದವರು ದನಿ ತಗ್ಗಿಸಿದರು. "ಆಖರಿ ಹುಡುಗ ಬರೂತನಕಾ ನಾ ಸೀಟಿ ಊದಿದಾಂವ ಅಲ್ಲ. ನಿನಗ ಗೊತ್ತಿರಬೇಕಲ್ಲ."

ಗೊತ್ತಿತ್ತು. ಆ ಆಖರಿ ಹುಡುಗ ಪ್ರತಿ ವರ್ಷ ನಾನೇ. ಉಳಿದವರು ನೀರು ಕುಡಿದು ಮನೆಗೆ ಹೊರಟಿರುತ್ತಿದ್ದರು. ಸರ್ ಮಾತ್ರ ಬಿಸಿಲಲ್ಲಿ, ಬಾಯಲ್ಲಿ ಸೀಟಿ ಹಿಡಿದು, ಗೆರೆಯ ಹತ್ತಿರ ನಿಂತಿರುತ್ತಿದ್ದರು. ಬೈಯಲಿಕ್ಕೇ ನಿಂತಿದ್ದಾರೆಂದು ಹೆದರಿ ನಾನು ಇನ್ನೂ ನಿಧಾನ ಓಡುತ್ತಿದ್ದೆ. 'ಮಾಸ್ತರ್ ನನ್ನ ಮ್ಯಾಲ ಹಗಿ ಸಾಧಸ್ತಾರ' ಎಂದು ಮನೆಯಲ್ಲಿ ದೂರು ಕೊಟ್ಟದ್ದೂ ಉಂಟು. ಅವರು ಎಂದೂ ಬೈದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಸಂಜೆ.

ಐದನೆಯ ದಿನ ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದ ಸಾಹೇಬರು ಸರ್ ಅವರ ಆಟದ ನಡುವೆ ಗಡಿಯಾರ ನೋಡಿಕೊಂಡು, "ಒಬ್ಬಾಂವ ಮುಟ್ಟಿದ್ನಲ್ರಿ, ಆಟ ಯಾಕ ಮುಗೀವಲ್ದು?" ಎಂದರು.

"ಒಂಚೂರು ತಡೀರಿ ಸಾಹೇಬ್ರ, ಇನ್ನೊಬ್ಬಾಂವ ಬರಾಕತ್ತಾನ" ಎಂದರು ಸರ್.

ಪರದೆಯ ಮೇಲೆ ಆ ಮೂರನೆಯವನು ತೆವಳುತ್ತ ಬಂದ. ಮೊದಲು ಶೋಭಾ ಬಾಯಾರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಸಾಹೇಬರೂ "ಬಾ, ಬಾ" ಎಂದುಬಿಟ್ಟರು. ಅವನು ಹಗ್ಗ ಮುಟ್ಟಿದ ಗಳಿಗೆಗೆ ಕಂಪ್ಯೂಟರಿನಿಂದ ಸೀಟಿ ಕೇಳಿಸಿತು. ಸರ್ ತಮ್ಮದೇ ಸೀಟಿಯನ್ನು ಮೈಕಿಗೆ ಊದಿ ತುಂಬಿಸಿದ್ದರು. ನನಗೆ ಅದೇಕೋ ಕಿಟಕಿಯ ಹೊರಗೆ ನೋಡುವ ಕೆಲಸ ಬಿತ್ತು.

ಸರ್ ಸರ್ಟಿಫಿಕೇಟನ್ನು ಎರಡೂ ಕೈಯಿಂದ ಇಸಿದುಕೊಂಡು ಹೋದರು. ಹೋಗುವ ಮುಂಚೆ ಎಲ್ಲರಂತೆ ಅವರೂ ಅಭಿಪ್ರಾಯದ ಹಾಳೆ ತುಂಬಿಕೊಟ್ಟಿದ್ದರು. 'ತರಬೇತುದಾರರು ಹೇಗಿದ್ದರು?' ಎಂಬ ಪ್ರಶ್ನೆಗೆ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಹುಡುಗ ಜಾಣ. ಕಳಕಳಿ ಇದೆ. ಆದರೆ ಹೊಟ್ಟೆ ಬಂದಿದೆ. ದಿನಾ ಬೆಳಿಗ್ಗೆ ಎರಡು ಸುತ್ತು ಓಡುವಂತೆ ಇಲಾಖೆ ಆದೇಶ ಮಾಡಬೇಕು."

ಆ ಹಾಳೆಗಳನ್ನೆಲ್ಲ ಸಹಿ ಹಾಕಿ ಮೇಲಿನ ಕಚೇರಿಗೆ ಕಳಿಸಬೇಕಾದವನು ನಾನೇ. ಕಳಿಸಿದೆ. ಪುಣ್ಯಕ್ಕೆ ನಮ್ಮ ಕಚೇರಿಗಳಲ್ಲಿ ಯಾವ ಕಾಗದವೂ ಓಡುವುದಿಲ್ಲ, ಆದೇಶ ಇನ್ನೂ ಬಂದಿಲ್ಲ.