ತೆರಿಗೆಯಿಲ್ಲದ ದೇಶದಲ್ಲಿ ಹೊಲಿಗೆ ಅಂಗಡಿ

ತೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಯಜಮಾನರಿಗೆ ಮೈಯೆಲ್ಲ ಉರಿಯುತ್ತಿತ್ತು. ಊರಿನಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದಾಗ ಲಾಭ ಬಂದರೂ ತೆರಿಗೆಯನ್ನು ಬೈಯುತ್ತಿದ್ದರು, ಬರದಿದ್ದರೂ ತೆರಿಗೆಯನ್ನೇ ಬೈಯುತ್ತಿದ್ದರು. ತೆರಿಗೆ ಬರೀ ನಾಮಕಾವಸ್ತೆಗೆ ಇರುವ ದೇಶವೊಂದಿದೆ ಎಂದು ಯಾರೋ ಹೇಳಿದ್ದೇ ತಡ, ಅಂಗಡಿಯ ಬಾಗಿಲು ಎಳೆದು, ಹೆಂಡತಿಯನ್ನೂ ಅವಳ ಹೊಲಿಗೆ ಯಂತ್ರವನ್ನೂ ಕಟ್ಟಿಕೊಂಡು ವಿಮಾನ ಹತ್ತಿದರು. (ಹೆಂಡತಿಯನ್ನು ಕಟ್ಟಿಕೊಂಡದ್ದು ಬಹಳ ಹಿಂದೆ, ಯಂತ್ರವನ್ನು ಹಗ್ಗದಲ್ಲಿ ಕಟ್ಟಿದ್ದು ಆಗ.)

ಅಲ್ಲಿ ಬಟ್ಟೆ ಒಗೆಯುವ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಒಂದು ಮಳಿಗೆ ಹಿಡಿದರು. ಮುಂದೆ ಅಂಗಡಿ, ನಡುವೆ ಪರದೆ, ಹಿಂದೆ ಸಂಸಾರ. ಬಟ್ಟೆಯನ್ನು ಬಿಗಿ ಮಾಡಿ, ಸಡಿಲ ಮಾಡಿ, ಗಿಡ್ಡ ಮಾಡಿ ಕೊಡುವ ಆಲ್ಟರೇಷನ್ ವ್ಯಾಪಾರ. ಹೊಲಿಯುವವಳು ಹೆಂಡತಿ. ಯಜಮಾನರು ಆಡಳಿತ ನಿರ್ದೇಶಕರು. ಅಂದರೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುವವರು.

ತೆರಿಗೆಯ ಕಾಟ ಇರಲಿಲ್ಲ, ನಿಜ. ಗಿರಾಕಿಯ ಕಾಟವೂ ಇರಲಿಲ್ಲ. ಅಲ್ಲಿಯ ಜನ ಬಟ್ಟೆ ಬಿಗಿಯಾದರೆ ಬಿಚ್ಚಿ ಹೊಲಿಸುವವರಲ್ಲ, ಎಸೆದು ಹೊಸದು ಕೊಳ್ಳುವವರು. "ಇದನ್ನ ಬರೋಕೆ ಮುಂಚೆ ವಿಚಾರಿಸ್ಬೇಕಿತ್ತು" ಎಂದು ಹೆಂಡತಿ ಹೇಳಿದಾಗಲೆಲ್ಲ ಯಜಮಾನರು ಕುರ್ಚಿಯನ್ನು ಒಂದಿಷ್ಟು ಆಚೆಗೆ ಸರಿಸುತ್ತಿದ್ದರು. ಹಾಗೆ ಸರಿಸಿ ಸರಿಸಿ ಕುರ್ಚಿ ಈಗ ಒಗೆಯುವ ಅಂಗಡಿಯ ಮುಂದೆ ಬಂದಿತ್ತು.

ಆದರೆ ಫೋನು ಕೈಗೆ ಬಂದರೆ ಅವರ ವರಸೆಯೇ ಬೇರೆ. ಊರಿನಲ್ಲಿ ಅಪ್ಪನ ಕಾಲದ ಟೈಲರ್ ಅಂಗಡಿ ನಡೆಸುತ್ತಿದ್ದ ಭಾವಮೈದುನನಿಗೆ, "ಉಸಿರಾಡೋಕೆ ಪುರುಸೊತ್ತಿಲ್ಲ ಕಣಯ್ಯ! ದುಡಿದದ್ದೆಲ್ಲ ನಮ್ಮದೇ!" ಎಂದು ಬಡಾಯಿ ಬಿಡುತ್ತಲೇ ಇದ್ದರು.

ಒಂದು ದಿನ ಅವನು, "ಬಂದು ನೋಡ್ತೀನಿ ಭಾವ. ನೀವು ಹೂಂ ಅಂದ್ರೆ ಅಪ್ಪನ ಅಂಗಡಿ ಮಾರಿ ನಾನೂ ಬಂದ್ಬಿಡ್ತೀನಿ" ಎಂದ.

"ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಎಂದಳು ಹೆಂಡತಿ.

"ಮಾನ ಹೋಗುತ್ತಲ್ಲೇ!"

"ಮಾನ ನಿಮ್ಮದು. ಅಂಗಡಿ ನನ್ನ ತಮ್ಮಂದು."

"ಅವನು ಇಲ್ಲಿರೋವರೆಗೆ ಸಂಭಾಳಿಸೋಣ. ಊರಿಗೆ ಹೋದ್ಮೇಲೆ ಫೋನಲ್ಲಿ ಮೆತ್ತಗೆ ಬೇಡ ಅಂದ್ರಾಯ್ತು."

ಎದುರಿಗೆ ನಾಚಿಕೆ, ಫೋನಿನಲ್ಲಿ ಧೈರ್ಯ. ಯಜಮಾನರ ಸ್ವಭಾವವೇ ಅಷ್ಟು. ಮೈಮೇಲಿದ್ದ ಒಂದು ಜೊತೆ ಬಿಟ್ಟು ತಮ್ಮ ಅಷ್ಟೂ ಪ್ಯಾಂಟು ಶರಟುಗಳನ್ನು ಅಂಗಡಿಯ ಕಂಬಿಗೆ ನೇತುಹಾಕಿದರು. ಗಿರಾಕಿಗಳ ಆರ್ಡರಿನಂತೆ ಕಾಣಲೆಂದು ಒಂದೊಂದಕ್ಕೂ ಚೀಟಿ ಚುಚ್ಚಿದರು: 'ಮೊಣಕಾಲಿನವರೆಗೆ ಕತ್ತರಿಸಿ', 'ತೋಳು ಬೇಡ', 'ಸೊಂಟ ಅರ್ಧ ಮಾಡಿ'. ಬರೆಯುತ್ತಾ ಬರೆಯುತ್ತಾ ಹುರುಪು ಬಂದು, ಕೊನೆಗೆ ಪೆಟ್ಟಿಗೆಯ ತಳದಿಂದ ಮದುವೆಯ ಕೋಟನ್ನೂ ತೆಗೆದು, 'ಚಿಕ್ಕ ಹುಡುಗನ ಅಳತೆಗೆ. ಅರ್ಜೆಂಟ್' ಎಂದು ಚುಚ್ಚಿಬಿಟ್ಟರು.

ಭಾವಮೈದುನ ಬಂದ. ತುಂಬಿದ ಕಂಬಿ ನೋಡಿ ಬಾಯಿ ಬಿಟ್ಟ. "ಅಕ್ಕ ಒಬ್ಬಳೇ ಇಷ್ಟನ್ನೂ ಹೊಲೀತಾಳಾ ಭಾವ?" ಎಂದ. ಅಕ್ಕ ಸೊಪ್ಪು ಸೋಸುವ ನೆಪದಲ್ಲಿ ಪರದೆಯ ಹಿಂದೆ ಸೇರಿಕೊಂಡಳು. ಪ್ರಯಾಣದ ಆಯಾಸ, ಮಲಗಿರಲಿ ಎಂದು ಅವನನ್ನು ಮನೆಯಲ್ಲೇ ಬಿಟ್ಟು ಗಂಡ ಹೆಂಡತಿ ಮಾರ್ಕೆಟ್ಟಿಗೆ ಹೋದರು.

ಚೀಲ ಹಿಡಿದು ವಾಪಸು ಬರುವಾಗ ಬೀದಿಗೇ ಯಂತ್ರದ ಸದ್ದು ಕೇಳಿಸಿತು. ಆ ಮಳಿಗೆಯಿಂದ ಅಂಥ ಸದ್ದು ಹೊರಟದ್ದು ಅದೇ ಮೊದಲು.

"ಬನ್ನಿ ಭಾವ!" ಕುತ್ತಿಗೆಗೆ ಟೇಪು ಹಾಕಿಕೊಂಡು ಭಾವಮೈದುನ ನಗುತ್ತಿದ್ದ. "ನಿದ್ದೆ ಬರ್ಲಿಲ್ಲ. ಸುಮ್ನೆ ಯಾಕೆ ಕೂರೋದು ಅಂತ ಎಲ್ಲಾ ಆರ್ಡರೂ ಮುಗಿಸಿಬಿಟ್ಟೆ."

ಯಜಮಾನರು ಕಂಬಿಯ ಕಡೆ ನೋಡಿದರು. ಅವರ ಪ್ಯಾಂಟುಗಳು ಮೊಣಕಾಲಿಗೆ ಬಂದು ನಿಂತಿದ್ದವು. ಶರಟುಗಳು ತೋಳು ಕಳೆದುಕೊಂಡಿದ್ದವು. ಕೆಲಸವೇನೋ ಬಹಳ ಅಚ್ಚುಕಟ್ಟು.

"ಭಲೇ" ಎಂದರು ಯಜಮಾನರು.

"ಎಂಥ ವ್ಯಾಪಾರ ಭಾವ! ಊರಲ್ಲಿ ನಮ್ಮ ಅಂಗಡಿ ಕೊಳ್ಳೋಕೆ ಒಬ್ಬ ಕಾದಿದ್ದಾನೆ. ಇವತ್ತೇ ಫೋನ್ ಮಾಡಿ ಮಾರಿದೆ ಅಂದ್ಬಿಡ್ತೀನಿ. ಆದ್ರೆ ಇದೊಂದಕ್ಕೆ ಮಾತ್ರ ಕತ್ತರಿ ಹಾಕೋಕೆ ಕೈ ಬರ್ಲಿಲ್ಲ." ಮದುವೆಯ ಕೋಟನ್ನು ಮಗುವಿನಂತೆ ಎತ್ತಿ ತಂದು, ಒಳಜೇಬನ್ನು ಹೊರಗೆಳೆದು ತೋರಿಸಿದ. "ನೋಡಿ, ಜೇಬಿನ ಬಾಯಿಗೆ ಎರಡೆಳೆ ಅಡ್ಡಹೊಲಿಗೆ. ಇದು ನಮ್ಮಪ್ಪನ ಕೈ. ಇದು ನಿಮ್ಮ ಮದುವೆ ಕೋಟು ಭಾವ! ಯಾವನೋ ಕಳ್ಳ ನಿಮ್ಮ ಪೆಟ್ಟಿಗೆಯಿಂದ ಕದ್ದು, ನಿಮ್ಮ ಅಂಗಡಿಗೇ ರಿಪೇರಿಗೆ ತಂದುಕೊಟ್ಟಿದ್ದಾನೆ! ಅರ್ಜೆಂಟ್ ಬೇರೆ ಅಂತೆ, ನಾಚಿಕೆಗೆಟ್ಟವನು! ನಡೀರಿ, ಪೊಲೀಸರಿಗೆ ಹೇಳೋಣ."

ಅವನು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಯಜಮಾನರು ಹೆಂಡತಿಯ ಕಡೆ ನೋಡಿದರು. ಅವಳು ಬೇರೆಲ್ಲೂ ನೋಡದೆ ಅಪ್ಪ ಹೊಲಿದ ಕೋಟನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಪೊಲೀಸರು ಬೇಡ ಕಣಯ್ಯ" ಎಂದರು ಯಜಮಾನರು ನೆಲ ನೋಡುತ್ತಾ. "ಆ ನಾಚಿಕೆಗೆಟ್ಟವನು ನಾನೇ."

"ಅಂದ್ರೆ?"

"ಆ ಕೋಟು ನನ್ನದು. ಆ ಪ್ಯಾಂಟು, ಶರಟು, ಎಲ್ಲಾ ನನ್ನವೇ. ಗಿರಾಕಿ ಅಂತ ಒಬ್ಬನೂ ಬಂದಿಲ್ಲ. ನಿಮ್ಮಪ್ಪನ ಅಂಗಡಿ ಮಾರ್ಬೇಡ."

ಭಾವಮೈದುನ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತ. ತೋಳಿಲ್ಲದ ಶರಟುಗಳನ್ನೊಮ್ಮೆ ನೋಡಿದ, ಭಾವನನ್ನೊಮ್ಮೆ ನೋಡಿದ. ಅವನಿಗೆ ನಗು ಬಂದಿರಬೇಕು, ದುಃಖವೂ ಬಂದಿರಬೇಕು. ಎರಡನ್ನೂ ನುಂಗಿಕೊಂಡು ಕುತ್ತಿಗೆಯ ಟೇಪು ತೆಗೆದ.

"ಕೈ ಎತ್ತಿ ಭಾವ. ಊರಿಗೆ ಹೋಗಿ ನಮ್ಮ ಅಂಗಡೀಲೇ ಹೊಲಿದು ಕಳಿಸ್ತೀನಿ. ತೆರಿಗೆ ನಾನೇ ಕಟ್ಕೋತೀನಿ, ಯೋಚ್ನೆ ಮಾಡ್ಬೇಡಿ."

ಕಪಾಳಕ್ಕೆ ಹೊಡೆದಿದ್ದರೂ ಯಜಮಾನರ ಮುಖ ಅಷ್ಟು ಕೆಂಪಾಗುತ್ತಿರಲಿಲ್ಲ. ಕೈ ಎತ್ತಿದರು. ಟೇಪು ಸೊಂಟದ ಸುತ್ತ ಬಂತು.

"ಉಸಿರು ಬಿಡಿ ಭಾವ. ಹೊಟ್ಟೆ ಒಳಗೆಳ್ಕೊಂಡ್ರೆ ಅಳತೆ ಸುಳ್ಳಾಗುತ್ತೆ."

"ಅದರಲ್ಲೂ ಸುಳ್ಳಾ?" ಎಂದಳು ಹೆಂಡತಿ.

ಯಜಮಾನರು ಉಸಿರು ಬಿಟ್ಟರು. ಮೈಮೇಲೆ ಉಳಿದಿದ್ದ ಒಂದೇ ಒಂದು ಪ್ಯಾಂಟಿನ ಗುಂಡಿ ಟಪ್ಪನೆ ಹಾರಿ, ಉರುಳುತ್ತಾ ಹೋಗಿ ಹೆಂಡತಿಯ ಕಾಲ ಬಳಿ ಬಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು.

ಅಂಗಡಿ ತೆರೆದ ಮೇಲೆ ಬಂದ ಮೊದಲ ಆರ್ಡರು ಅದು.