ನೀಲಿ ಕಣ್ಣಿನವನೂ ದೇಶದ ಮೊದಲ ಪದಕವೂ

ಲೋಯಿಜೋಸ್ ಮಾಡಿದ ತಪ್ಪು ಇಷ್ಟೇ. ಸೋಮವಾರ ಬೆಳಿಗ್ಗೆ ಅವನ ಹೆಂಡತಿಯ ಅಣ್ಣ ಹಾಂಬಿಸ್ ತನ್ನ ಕಾಫಿ ಅಂಗಡಿಯ ಗೋಡೆಗೆ ಹೊಸ ಟೀವಿ ನೇತುಹಾಕಿ, ಕೈ ಒರೆಸಿಕೊಳ್ಳುತ್ತ ಹಿಂದಕ್ಕೆ ಸರಿದು ನಿಂತಾಗ, "ಆಹಾ! ಎಂಥಾ ಟೀವಿ ಭಾವ, ಬಾಗಿಲಿನಷ್ಟು ದೊಡ್ಡದಿದೆಯಲ್ಲ!" ಎಂದುಬಿಟ್ಟ. ಹೊಗಳಿದವನು ದೃಷ್ಟಿ ತಾಗದಿರಲೆಂದು ಕೂಡಲೇ "ಥೂ ಥೂ ಥೂ" ಎಂದು ಮೂರು ಸಲ ಉಗುಳಿದ ಹಾಗೆ ಮಾಡಬೇಕಿತ್ತು. ಬಾಯಿ ತುಂಬ ಬಿಸ್ಕತ್ತು ಇತ್ತು, ಮಾಡಲಿಲ್ಲ.

ಹತ್ತು ನಿಮಿಷಕ್ಕೆ ಟೀವಿ ಟಪ್ ಎಂದಿತು. ಹಿಂಬದಿಯಿಂದ ಸಣ್ಣಗೆ ಹೊಗೆ ಬಂತು. ಫ್ಯಾನು, ಫ್ರಿಜ್ಜು, ಟೀವಿ ಮೂರನ್ನೂ ಹಾಂಬಿಸ್ ಒಂದೇ ಪ್ಲಗ್ಗಿಗೆ ಸಿಕ್ಕಿಸಿದ್ದ. ಆದರೆ ಪ್ಲಗ್ಗಿನ ಕಡೆ ಯಾರೂ ನೋಡಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಲೋಯಿಜೋಸನ ಕಣ್ಣುಗಳನ್ನು ನೋಡಿದರು.

ಅವನ ಕಣ್ಣು ನೀಲಿ. ಲಿಮಸೋಲ್‌ನ ಆ ಬೀದಿಯಲ್ಲಿ ಉಳಿದವರೆಲ್ಲರದೂ ಕಪ್ಪು ಇಲ್ಲವೇ ಕಂದು. ಇವನೊಬ್ಬನಿಗೆ ಅದ್ಯಾವ ಮುತ್ತಜ್ಜನಿಂದ ಬಂತೋ ಆ ಬಣ್ಣ. ನೀಲಿ ಕಣ್ಣಿನವರ ದೃಷ್ಟಿ ಕೆಟ್ಟದ್ದೆಂದು ಸೈಪ್ರಸ್ಸಿನಲ್ಲಿ ಹಸುಗೂಸಿಗೂ ಗೊತ್ತು. ಪಕ್ಕದ ಮನೆಯ ಥೆಕ್ಲತ್ತೆಯ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸಿದ್ದು ಇವನು ಅದನ್ನು ಮುದ್ದು ಮಾಡಿದ ವಾರದಲ್ಲೇ. ಹಾಂಬಿಸನ ಮಗಳ ಮದುವೆಯ ಐದು ಅಂತಸ್ತಿನ ಕೇಕು ಮೂರು ಅಂತಸ್ತಾದದ್ದು ಇವನು "ಎಷ್ಟು ಎತ್ತರ!" ಎಂದ ಮೇಲೆಯೇ. ಪಾಪ, ಲೋಯಿಜೋಸನಿಗೆ ಹೊಗಳುವ ಚಟ. ಒಳ್ಳೆಯ ಮನಸ್ಸಿನವನು, ಏನು ಮಾಡೋಣ!

"ಭಾವ," ಎಂದ ಹಾಂಬಿಸ್, ಸುಟ್ಟ ಟೀವಿಯ ಮೇಲೆ ಕೈಯಿಟ್ಟು. "ಟೀವಿ ಹೋದ್ರೆ ಹೋಯ್ತು. ಆದ್ರೆ ಇವತ್ತು ಮಧ್ಯಾಹ್ನ ನೀನು ರೇಸ್ ನೋಡಕೂಡದು."

ಲೋಯಿಜೋಸ್ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟ.

ಅಂದು ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಯ ಕೊನೆಯ ಪಂದ್ಯ. ಮೂವತ್ತೆರಡು ವರ್ಷಗಳಿಂದ ಆ ಪುಟ್ಟ ದ್ವೀಪ ಒಲಿಂಪಿಕ್ಸ್‌ಗೆ ಆಟಗಾರರನ್ನು ಕಳಿಸುತ್ತಲೇ ಇತ್ತು. ಯಾವ ಆಟದಲ್ಲೂ ಒಂದು ಕಂಚೂ ಬಂದಿರಲಿಲ್ಲ. ಈಗ ಇಂಗ್ಲೆಂಡಿನ ಸಮುದ್ರದಲ್ಲಿ ಇದೇ ಊರಿನ ಹುಡುಗನೊಬ್ಬ ಒಟ್ಟು ಅಂಕದಲ್ಲಿ ಆಸ್ಟ್ರೇಲಿಯದವನೊಬ್ಬನ ಹಿಂದೆ ಎರಡನೆಯ ಸ್ಥಾನದಲ್ಲಿದ್ದ. ದೇಶಕ್ಕೆ ದೇಶವೇ ಕೆಲಸ ಬಿಟ್ಟು ಕೂತಿತ್ತು.

ಆ ಬೀದಿಯಲ್ಲಿ ಹಾಯಿದೋಣಿ ಎಂದರೇನೆಂದು ತಿಳಿದಿದ್ದವನು ಲೋಯಿಜೋಸ್ ಒಬ್ಬನೇ. ದಡದ ಕ್ಲಬ್ಬಿನಲ್ಲಿ ಹರಿದ ಹಾಯಿಗಳನ್ನು ಹೊಲಿಯುವುದು ಅವನ ಮೂವತ್ತು ವರ್ಷದ ಕಸುಬು. ಈ ದೇಶದ ದೋಣಿಗಳು ಎಲ್ಲೆಲ್ಲಿ ಹೋಗಿ ಎಷ್ಟನೆಯವಾಗಿ ಬಂದವು ಎಂಬ ಪತ್ರಿಕೆಯ ತುಣುಕುಗಳನ್ನೆಲ್ಲ ಕತ್ತರಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದ. ಇಪ್ಪತ್ತೆಂಟನೆಯ ಸ್ಥಾನ ಬಂದಾಗಲೂ ಕತ್ತರಿಸಿದ್ದ. "ಸಾಯೋದ್ರೊಳಗೆ ಒಂದ್ಸಲ ನಮ್ಮ ಬಾವುಟ ಮೇಲೇರೋದನ್ನ ಕಣ್ಣಾರೆ ನೋಡ್ಬೇಕು ಕಣೇ" ಎಂದು ಹೆಂಡತಿ ಫ್ರೋಸುವಿನ ಹತ್ತಿರ ಎಷ್ಟು ಸಲ ಹೇಳಿದ್ದನೋ! ಅಂಥವನಿಗೆ ನೋಡಬೇಡ ಎಂದರೆ?

"ಹೋಗಲಿ, ನಾನು ನನ್ನ ಮನೇಲಿ, ನನ್ನ ಟೀವೀಲಿ ನೋಡ್ಕೋತೀನಿ" ಎಂದು ಅವನು ಸಿಡುಕಿ ಎದ್ದುಬಂದ.

ಬಾಯಿ ತಪ್ಪಿ ಆಡಿದ ಮಾತು. ಬೀದಿಯಲ್ಲಿ ಇನ್ನೊಂದು ದೊಡ್ಡ ಟೀವಿ ಇರುವುದು ಅವನ ಮನೆಯಲ್ಲಿ ಎಂಬುದು ಆಗಲೇ ಎಲ್ಲರಿಗೂ ಹೊಳೆದದ್ದು.

ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಮನೆ ತುಂಬಿಹೋಯಿತು. ಹಾಂಬಿಸ್ ಅಂಗಡಿಯ ಕುರ್ಚಿಗಳನ್ನೇ ಹೊತ್ತು ತಂದ. ಥೆಕ್ಲತ್ತೆ ಬಂದವಳೇ ಲೋಯಿಜೋಸ್ ದಿನಾ ಕೂರುವ ಆರಾಮಕುರ್ಚಿ ಹಿಡಿದಳು. ಫ್ರೋಸು ಎಲ್ಲರಿಗೂ ಕಲ್ಲಂಗಡಿ, ಹಲ್ಲೂಮಿ ಚೀಸು ಹೆಚ್ಚಿ ಕೊಡುತ್ತಿದ್ದಳು.

"ಏಳೋ ಮಗಾ, ಹೊರಗೆ ಹೋಗು" ಎಂದಳು ಥೆಕ್ಲತ್ತೆ.

"ಅತ್ತೆ, ಇದು ನನ್ನ ಮನೆ!"

"ಮನೆ ನಿಂದೇ. ಯಾರು ಇಲ್ಲ ಅಂದ್ರು? ದೇಶ ಎಲ್ಲರದೂ."

ಲೋಯಿಜೋಸ್ ಹೆಂಡತಿಯ ಮುಖ ನೋಡಿದ. ಫ್ರೋಸು ಅವನ ತೋಳು ಹಿಡಿದು ಮೆಲ್ಲಗೆ, "ರೀ, ಎರಡು ಗಂಟೆ ಮಾತು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಬೀದೀಲಿ ನಾವು ಬಾಳೋಕಾಗತ್ತಾ? ಕೂತ್ಕೊಳ್ಳಿ, ಕಾಫಿ ಅಲ್ಲಿಗೇ ತಂದುಕೊಡ್ತೀನಿ" ಎಂದು ಅಂಗಳಕ್ಕೆ ಕರೆದೊಯ್ದು, ಕಿಟಕಿಗೆ ಬೆನ್ನು ಮಾಡಿ ಗೋಡೆಯತ್ತ ಮುಖವಾಗಿ ಒಂದು ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದೂ ಕೇಳಿಸಿತು.

ಪಂದ್ಯ ಶುರುವಾಯಿತು. ಶುರುವಾದ ಎರಡೇ ನಿಮಿಷಕ್ಕೆ ಒಳಗಿನವರಿಗೆ ಒಂದು ವಿಷಯ ಗೊತ್ತಾಯಿತು: ತಾವು ಏನು ನೋಡುತ್ತಿದ್ದೇವೆಂದು ತಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

"ಭಾವ!" ಹಾಂಬಿಸ್ ಕಿಟಕಿಗೆ ಬಂದು ಕೂಗಿದ. "ತಿರುಗಬೇಡ! ಹಾಗೇ ಹೇಳು. ಹತ್ತು ದೋಣಿ ಇದಾವೆ, ಎಲ್ಲಾ ಒಂದೇ ಥರ. ನಮ್ಮದು ಯಾವ್ದು?"

"ಹಾಯಿ ಮೇಲೆ ದೇಶದ ಅಕ್ಷರ ಇರತ್ತೆ ನೋಡು."

"ಸಿಕ್ಕಿತು! ಸಿಕ್ಕಿತು!"

"ಅಯ್ಯೋ, ಅವನ್ಯಾಕೆ ಅಡ್ಡಡ್ಡ ಹೋಗ್ತಿದಾನೆ?" ಥೆಕ್ಲತ್ತೆಯ ಕೂಗು. "ನೆಟ್ಟಗೆ ಹೋಗೋಕೆ ಹೇಳ್ರೋ!"

"ಗಾಳಿ ಎದುರಿಂದ ಬರ್ತಾ ಇದ್ರೆ ನೆಟ್ಟಗೆ ಹೋಗೋಕಾಗಲ್ಲ ಅತ್ತೆ! ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು, ಹಾಗೇ ಹೋಗ್ಬೇಕು" ಎಂದು ಲೋಯಿಜೋಸ್ ಗೋಡೆಗೆ ವಿವರಿಸಿದ. "ಆಸ್ಟ್ರೇಲಿಯದವನು ಎಲ್ಲಿದಾನೆ?"

"ನಮ್ಮ ಹುಡುಗನಿಗೇ ಅಂಟಿಕೊಂಡಿದಾನೆ ಭಾವ, ಬಿಟ್ಟೂಬಿಡದ ಹಾಗೆ!"

"ಹಾಂ! ಹಾಗೇ ಮಾಡ್ತಾನೆ ಅಂತ ನಂಗೆ ಗೊತ್ತಿತ್ತು. ಅಡ್ಡ ಬಂದು ನಮ್ಮವನ ಹಾಯಿಗೆ ಬರೋ ಗಾಳಿ ಕದೀತಿದಾನೆ. ಅಂಕದಲ್ಲಿ ಅವನು ಮುಂದಿದಾನೆ ನೋಡು, ನಮ್ಮವನನ್ನ ಹಿಂದಕ್ಕೆ ಹಾಕಿಬಿಟ್ರೆ ಚಿನ್ನ ಅವನದೇ."

"ಕದೀತಿದಾನಾ? ಎಲ್ಲರೆದುರಿಗೇ? ಅಲ್ಲಿ ಪೊಲೀಸರಿಲ್ವಾ?" ಎಂದಳು ಥೆಕ್ಲತ್ತೆ.

ಬಿಸಿಲಲ್ಲಿ ಕೂತು ಬೆವರೊರೆಸಿಕೊಳ್ಳುತ್ತ ಲೋಯಿಜೋಸನಿಗೆ ಒಂದು ಬಗೆಯ ಸಂತೋಷವೂ ಆಗುತ್ತಿತ್ತೆನ್ನಿ. ಅವನ ಹಾಯಿದೋಣಿಯ ಮಾತನ್ನು ಆ ಬೀದಿಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಒಳಗಿನಿಂದ ಒಮ್ಮೆಲೇ ಗೋಳಾಟ ಎದ್ದಿತು.

"ಹಿಂದೆ ಬಿದ್ದ! ಬಾಲಕ್ಕೆ ಹೋದ! ಮುಗೀತು!"

"ಏನೂ ಮುಗಿದಿಲ್ಲ!" ಲೋಯಿಜೋಸ್ ಗಂಟಲು ಹರಿಯುವಂತೆ ಕೂಗಿದ. "ಬೆಳ್ಳಿ ಆಗಲೇ ನಮ್ಮದು! ಮೂರನೆಯವನು ಇವತ್ತು ಗೆದ್ರೂ ಒಟ್ಟು ಅಂಕದಲ್ಲಿ ನಮ್ಮನ್ನ ಮುಟ್ಟೋಕಾಗಲ್ಲ. ನಮ್ಮವನು ಕೊನೇಲಿ ಬಂದ್ರೂ ಬೆಳ್ಳಿ ಖಂಡಿತ!"

ಒಳಗಿನಿಂದ ಹಾಂಬಿಸನ ದನಿ ಬಂತು: "ಕೊನೇಲಿ ಬಂದವನಿಗೂ ಬೆಳ್ಳಿ ಕೊಡೋಕೆ ಅದೇನು ಚರ್ಚಿನ ಪ್ರಸಾದವಾ? ನೀನು ಕದ್ದು ನೋಡಿದೀಯ ಭಾವ, ಅದಕ್ಕೇ ಹೀಗಾಯ್ತು!"

"ದೇವರಾಣೆ ಇಲ್ಲ!"

ಯಾರು ನಂಬುತ್ತಾರೆ? ಫ್ರೋಸು ಹೊರಗೆ ಬಂದು, "ಬೇಜಾರು ಮಾಡ್ಕೋಬೇಡಿ" ಎನ್ನುತ್ತ ಒದ್ದೆ ಟವೆಲೊಂದನ್ನು ಗಂಡನ ತಲೆಯ ಮೇಲಿಂದ ಮುಖಕ್ಕೆ ಇಳಿಬಿಟ್ಟು ಹೋದಳು. ಒಳಗೆ ಥೆಕ್ಲತ್ತೆ ಧೂಪದ ಬಟ್ಟಲು ತರಿಸಿ, ಕೆಂಡದ ಮೇಲೆ ಚರ್ಚಿನಲ್ಲಿ ಮಂತ್ರಿಸಿದ ಒಣ ಆಲಿವ್ ಎಲೆ ಸುರಿದು, ಟೀವಿಗೆ ಮೂರು ಸುತ್ತು ದೃಷ್ಟಿ ತೆಗೆಯತೊಡಗಿದಳು. ಹುಡುಗ ಇನ್ನೂ ಹಿಂದೆಯೇ. ಇನ್ನೊಂದು ಹಿಡಿ ಎಲೆ ಬಿತ್ತು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಹೊಗೆ ದಪ್ಪಗೆ ಹೊರಬರುತ್ತಿತ್ತು. ಒಳಗೆ ಕೆಮ್ಮು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಆ ಕೆಮ್ಮಿನ ನಡುವೆಯೇ ಹಾಂಬಿಸನಿಗೆ ಹೊಳೆಯಿತು.

"ಅತ್ತೆ! ನಾವೆಂಥಾ ದಡ್ಡರು! ಇವನ ಕಣ್ಣು ಅಷ್ಟು ಕೆಟ್ಟದಾದ್ರೆ, ಅದನ್ನ ಆ ಆಸ್ಟ್ರೇಲಿಯದವನ ಮೇಲೆ ಬಿಡೋಣ!"

ಚಿಲಕ ತೆರೆಯಿತು. ನಾಲ್ಕು ಕೈಗಳು ಲೋಯಿಜೋಸನನ್ನು ಸ್ಟೂಲಿನಿಂದ ಎತ್ತಿ, ಟವೆಲು ಕಿತ್ತೊಗೆದು, ಅವನದೇ ಆರಾಮಕುರ್ಚಿಯಲ್ಲಿ ಟೀವಿಯ ಎದುರು ಕೂರಿಸಿದವು. ಪಾಪ, ಅವನ ಕಣ್ಣಲ್ಲಿ ನೀರು ಬಂತು, ಅರ್ಧ ಹೊಗೆಗೆ, ಅರ್ಧ ಸಂತೋಷಕ್ಕೆ.

"ಆಸ್ಟ್ರೇಲಿಯದವನನ್ನ ಮಾತ್ರ ನೋಡು. ಹೊಗಳು. ಉಗುಳಬೇಡ!" ಎಂದಳು ಥೆಕ್ಲತ್ತೆ.

"ನಮ್ಮ ಹುಡುಗ ಅವನ ಪಕ್ಕದಲ್ಲೇ ಇದಾನಲ್ಲ ಅತ್ತೆ, ಕಣ್ಣಿಗೆ ಬಿದ್ದೇ ಬೀಳ್ತಾನೆ!"

ಅದಕ್ಕೂ ಉಪಾಯ ಆಯಿತು. ಹಾಂಬಿಸ್ ಕಾಫಿ ತಟ್ಟೆಯೊಂದನ್ನು ಎತ್ತಿಕೊಂಡು ಟೀವಿಯ ಪಕ್ಕ ನಿಂತು, ತಮ್ಮ ಹುಡುಗನ ದೋಣಿಯನ್ನು ಅದರಿಂದ ಮುಚ್ಚಿದ. ದೋಣಿ ಎಡಕ್ಕೆ ಹೋದರೆ ತಟ್ಟೆ ಎಡಕ್ಕೆ, ಬಲಕ್ಕೆ ಹೋದರೆ ತಟ್ಟೆ ಬಲಕ್ಕೆ. ಮೂವತ್ತೆರಡು ವರ್ಷ ಕಾದ ಪಂದ್ಯದಲ್ಲಿ ಲೋಯಿಜೋಸನಿಗೆ ಕಂಡದ್ದು ಒಂದು ಆಸ್ಟ್ರೇಲಿಯದ ದೋಣಿ ಮತ್ತು ಒಂದು ಕಾಫಿ ತಟ್ಟೆ.

"ಹೊಗಳೋ!"

"ಆಹಾ," ಎಂದ ಲೋಯಿಜೋಸ್ ಸಣ್ಣ ದನಿಯಲ್ಲಿ. "ಒಳ್ಳೆ ಹುಡುಗ."

"ಸಾಲದು!"

"ಎಂಥಾ ಕೈ! ಎಂಥಾ ಬೆನ್ನು! ಹಾಯಿ ಹಿಡಿದಿರೋ ಚಂದ ನೋಡಿ! ಮೂವತ್ತು ವರ್ಷದಲ್ಲಿ ಇಂಥಾ ನಾವಿಕನ್ನ ನಾನು ನೋಡೇ ಇಲ್ಲ!" ಮೊದಲು ಅಂಜಿ ಅಂಜಿ ಶುರುಮಾಡಿದವನು ಆಮೇಲೆ ಮೈಮರೆತ. ನಿಜಕ್ಕೂ ಆ ಆಸ್ಟ್ರೇಲಿಯದವನು ಚೆನ್ನಾಗಿಯೇ ನಡೆಸುತ್ತಿದ್ದ, ಲೋಯಿಜೋಸನಿಗೋ ಹೊಗಳುವ ಚಟ. ಎರಡು ಸಲ ಚಪ್ಪಾಳೆಯನ್ನೂ ತಟ್ಟಿದ.

ದೋಣಿಗಳು ಒಂದೊಂದಾಗಿ ಗೆರೆ ದಾಟಿದವು. ತಟ್ಟೆಯೂ ದಾಟಿತು. ಆಸ್ಟ್ರೇಲಿಯದವನು ಖುಷಿಯಿಂದ ನೀರಿಗೆ ಧುಮುಕಿದ, ಚಿನ್ನ ಅವನದು. ಮನೆಯೊಳಗೆ ಎಲ್ಲರೂ ತಲೆಯ ಮೇಲೆ ಕೈಹೊತ್ತರು. ಆಗ ಟೀವಿಯವನು ಕೂಗಿ ಹೇಳಿದ: ಬೆಳ್ಳಿ ಸೈಪ್ರಸ್ಸಿಗೆ, ದೇಶದ ಮೊಟ್ಟಮೊದಲ ಪದಕ.

ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ! ಬೀದಿಯಲ್ಲಿ ಕಾರುಗಳ ಹಾರ್ನು, ಚರ್ಚಿನ ಗಂಟೆ. ಥೆಕ್ಲತ್ತೆ ಧೂಪದ ಬಟ್ಟಲು ಹಿಡಿದೇ ಕುಣಿದಳು. ಲೋಯಿಜೋಸ್ ಮಾತ್ರ ಕುರ್ಚಿಯ ಮೇಲೆ ಹತ್ತಿ ನಿಂತ. ಅವನ ಬಾಳಿನಲ್ಲಿ ಇಂಥ ಸಂದರ್ಭ ಇನ್ನೊಮ್ಮೆ ಬರುವಂತಿರಲಿಲ್ಲ.

"ಕೇಳಿ ಎಲ್ಲರೂ! ಬೆಳ್ಳಿ ಬರತ್ತೆ ಅಂದೆ, ಬಂತು. ಅದು ಬಿಡಿ. ನಾನು ಯಾರನ್ನ ನೋಡ್ದೆ? ಯಾರನ್ನ ಹೊಗಳ್ದೆ? ಆಸ್ಟ್ರೇಲಿಯದವನನ್ನ. ಒಂದ್ಸಲಾನೂ ಉಗುಳಲಿಲ್ಲ. ಅವನಿಗೆ ಏನಾಯ್ತು? ಚಿನ್ನ ಬಂತು! ಇನ್ನಾದ್ರೂ ನನ್ನ ಕಣ್ಣು ಕೆಟ್ಟದ್ದು ಅಂತ ಯಾರಾದ್ರೂ ಅಂತೀರಾ?"

ಎಲ್ಲರೂ ಯೋಚಿಸಿದರು. ಮಾತು ನಿಜವಾಗಿತ್ತು. ಹಾಂಬಿಸ್ ತಟ್ಟೆ ಕೆಳಗಿಟ್ಟು ತಲೆ ಕೆರೆದುಕೊಂಡ. ಲೋಯಿಜೋಸನ ಮೈಯೆಲ್ಲ ಹಗುರಾಯಿತು.

ಥೆಕ್ಲತ್ತೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪಾಪಿ! ಹಾಗಾದ್ರೆ ನಿನ್ನ ಕಣ್ಣು ಬಿದ್ದವರಿಗೆ ಒಳ್ಳೇದಾಗತ್ತೆ! ಅಂಥಾ ಕಣ್ಣಿಟ್ಟುಕೊಂಡು ನಮ್ಮ ಹುಡುಗನ್ನ ಬಿಟ್ಟು ಆ ಪರದೇಶದವನಿಗೆ ಸುರಿದ್ಯಲ್ಲೋ!"

"ನೀವೇ ಹೇಳಿದ್ರಲ್ಲ ಅತ್ತೆ!"

"ನಾವು ಸಾವಿರ ಹೇಳ್ತೀವಿ. ಒಳಗೆ ಬಂದು ಮೊದಲಿಂದ ನಮ್ಮವನನ್ನ ನೋಡೋಕೆ ನಿನಗೇನು ಧಾಡಿ ಆಗಿತ್ತು?"

"ಬಾಗಿಲು ಹಾಕಿದ್ರಿ!"

"ಮುರಿದು ಬರಬೇಕಪ್ಪ! ದೇಶಕ್ಕಿಂತ ಬಾಗಿಲು ಹೆಚ್ಚಾಯ್ತಾ ನಿನಗೆ?"

"ಚಿನ್ನ ಕಳೆದ್ಯಲ್ಲ ಭಾವ" ಎಂದು ಹಾಂಬಿಸ್ ನಿಟ್ಟುಸಿರುಬಿಟ್ಟ. ಫ್ರೋಸು ಕೂಡ ಗಂಡನನ್ನು ಒಂದು ಥರ ನೋಡಿದಳು. ಲೋಯಿಜೋಸ್ ಕುರ್ಚಿಯಿಂದ ಇಳಿದ. ಆಡುವವರು ಆಡಲಿ. ಪದಕ ಕೊಡುವ ಸಮಾರಂಭ ಇನ್ನೂ ಇದೆ, ಬಾವುಟ ಏರುವುದಿದೆ. ಈಗಂತೂ ಯಾರೂ ತನ್ನನ್ನು ಹೊರಗೆ ಹಾಕುವುದಿಲ್ಲ ಎಂದುಕೊಂಡ.

ಹಾಕಲಿಲ್ಲ. ಎಲ್ಲರೂ ಮರ್ಯಾದೆಯಿಂದ ಜಾಗ ಬಿಟ್ಟು ಮುಂದೆ ಕೂರಿಸಿದರು. ಟೀವಿಯಲ್ಲಿ ಹುಡುಗ ಕೊರಳಿಗೆ ಬೆಳ್ಳಿ ಹಾಕಿಸಿಕೊಂಡ. ವಾದ್ಯ ಶುರುವಾಯಿತು. ಕಂಬದ ಬುಡದಲ್ಲಿ ಸೈಪ್ರಸ್ಸಿನ ಬಾವುಟದ ಬಿಳಿ ಅಂಚು ಕದಲಿತು. ಲೋಯಿಜೋಸ್ ಎದ್ದು ನೆಟ್ಟಗೆ ನಿಂತ.

ಹಿಂದಿನಿಂದ ಎರಡು ಕೈ ಬಂದು ಅವನ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿದವು.

"ಅತ್ತೆ! ಕೈ ತೆಗೀರಿ! ಬಾವುಟ!"

"ಸುಮ್ನಿರೋ ಪೆದ್ದ. ಬೆಳ್ಳಿ ಬಂದಾಯ್ತು, ಇನ್ನು ಅದರ ಮೇಲೆ ಯಾಕೆ ಕಣ್ಣು ಸವೆಸ್ತೀಯ? ಮುಂದಿನ ಸಲದ ಚಿನ್ನಕ್ಕೆ ಉಳಿಸಿಟ್ಕೋ."

"ನಾಲ್ಕೇ ವರ್ಷ ಭಾವ" ಎಂದು ಹಾಂಬಿಸ್ ಅವನ ಎರಡೂ ಕೈಗಳನ್ನು ಪ್ರೀತಿಯಿಂದ ಹಿಡಿದುಕೊಂಡ.

ಬಾವುಟ ಏರಿತಂತೆ. ಬಹಳ ಚೆನ್ನಾಗಿ ಏರಿತು ಎಂದು ಫ್ರೋಸು ಆಮೇಲೆ ಹೇಳಿದಳು.